ಟವೆಲ್ ಕೆಳಗಿನ ಹತ್ತು ಬೆರಳು

ನಮ್ಮ ಅಕ್ಕನ ಮಗ ಕಥೆ ಹೇಳಲು ಕೂತರೆ ಎದುರಿನವರ ತಾಟಿನಲ್ಲಿ ಅನ್ನ ಆರಿಹೋಗುತ್ತದೆ. ಯಲಬುರ್ಗಾದ ಅವರ ಮನೆಯ ಎತ್ತು ಹಗ್ಗ ಹರಿದುಕೊಂಡು ಓಡಿದ್ದು, ಅಜ್ಜ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಅದರ ಹಿಂದೆ ಓಡಿದ್ದು, ಸಂತೆಯಲ್ಲಿ ಯಾರದೋ ಮೆಣಸಿನಕಾಯಿ ಚೀಲ ಉರುಳಿ ಎಲ್ಲರೂ ಸೀನಿದ್ದು, ಎಲ್ಲವೂ ಕಣ್ಣಿಗೆ ಕಟ್ಟುತ್ತದೆ. ಅದೇ ಹುಡುಗನಿಗೆ ಪ್ರಬಂಧ ಬರಿ ಅಂದರೆ ಮೂರು ಸಾಲು. 'ನಮ್ಮ ಮನೆಯಲ್ಲಿ ಎತ್ತು ಇದೆ. ಅದು ಬಿಳಿ ಇದೆ. ನನಗೆ ಎತ್ತು ಇಷ್ಟ.' ಅಷ್ಟಕ್ಕೇ ಪೆನ್ನು ಕೆಳಗೆ.

ಹಿಂದಿನ ವರ್ಷ ಬೇಸಿಗೆ ರಜೆಗೆ ಕೊಪ್ಪಳಕ್ಕೆ ನಮ್ಮ ಮನೆಗೆ ಬಂದಿದ್ದ. ಆಗ ಅವನಿಗೆ ಹನ್ನೊಂದು ವರ್ಷ. ಅವನ ನೋಟ್‌ಬುಕ್ ತಿರುವಿ ಹಾಕಿದೆ. ಪುಟದ ತುಂಬ ಕೆಂಪು ಗೆರೆ, 'ಅಕ್ಷರ ದುಂಡಗೆ ಬರೆ' ಅಂತ. ಯಾಕಪ್ಪಾ, ಇಷ್ಟು ಚೆನ್ನಾಗಿ ಹೇಳ್ತೀಯಲ್ಲ, ಅದನ್ನೇ ಬರೆಯಬಾರದಾ ಅಂತ ಕೇಳಿದೆ.

"ಕೈ ನೋಯ್ತೈತಿ ಚಿಗವ್ವ. ಒಂದ್ ಅಕ್ಷರ ಬರೆಯೂದ್ರಾಗ ಮುಂದಿಂದು ಮರ್ತ ಹೋಗ್ತೈತಿ" ಅಂದ.

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಹುಡುಗನಿಗೆ ಮಾತಿನ ಬಡತನ ಇಲ್ಲ. ಮನಸ್ಸು ಸಂತೆಯಲ್ಲಿ ಓಡುತ್ತಿದ್ದರೆ ಕೈ ಇನ್ನೂ ಮನೆಯ ಹೊಸ್ತಿಲು ದಾಟಿಲ್ಲ, ಅಷ್ಟೇ. ಇವನಿಗೆ ಟೈಪಿಂಗ್ ಕಲಿಸಿ ನೋಡೋಣ ಅಂತ ನನಗೆ ಹೊಳೆದದ್ದು ಆಗಲೇ.

ನನ್ನ ಕೆಲಸವೇ ಅದು. ಕೊಪ್ಪಳದಲ್ಲಿ ಒಂದು ಸಣ್ಣ ಡಿಟಿಪಿ, ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಅರ್ಜಿ, ಬಾಡಿಗೆ ಕರಾರು, ಲಗ್ನಪತ್ರಿಕೆ, ಕಾಲೇಜು ಹುಡುಗರ ಪ್ರಾಜೆಕ್ಟ್, ಎಲ್ಲ ಟೈಪ್ ಮಾಡುತ್ತೇನೆ. ಕಲಿತದ್ದು 1998ರಲ್ಲಿ. ಅದರ ಹಿಂದಿನ ವರ್ಷ ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆ ಆಗಿತ್ತು. ಆಫೀಸುಗಳು ಬರುತ್ತವೆ, ಟೈಪಿಸ್ಟ್ ಕೆಲಸ ಸಿಗುತ್ತದೆ ಅಂತ ನಮ್ಮ ಓಣಿಯಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ಎಸ್ಸೆಸ್ಸೆಲ್ಸಿ ಮುಗಿದ ಮರುದಿನವೇ ಅಪ್ಪ ನನ್ನನ್ನು ಟೈಪಿಂಗ್ ಇನ್‌ಸ್ಟಿಟ್ಯೂಟ್‌ಗೆ ಸೇರಿಸಿದರು. ಒಂದು ಉದ್ದನೆಯ ಕೋಣೆ, ಎರಡು ಸಾಲು ಮಷೀನು. ಸಾಲಿನ ಕೊನೆ ಹತ್ತಿರ ಬಂದಾಗ ಟಿಣ್ ಅನ್ನುವ ಗಂಟೆ. ಮೊದಲ ಪಾಠ ಟೈಪಿಂಗ್ ಕಲಿತ ಯಾರನ್ನು ಕೇಳಿದರೂ ಹೇಳುತ್ತಾರೆ: ಎ ಎಸ್ ಡಿ ಎಫ್ ಜಿ ಎಫ್, ಸೆಮಿಕೋಲನ್ ಎಲ್ ಕೆ ಜೆ ಎಚ್ ಜೆ. ಮೂರು ದಿನ ಬರೀ ಅದೇ. ಕೆಳಗೆ ನೋಡಿದರೆ ನಮ್ಮ ಸರ್ ಹಿಂದಿನಿಂದ ಬಂದು ಕೈ ಮೇಲೆ ರಟ್ಟು ಇಡುತ್ತಿದ್ದರು. ಎಡಗೈ ಕಿರುಬೆರಳಿಗೆ ಬಲ ಸಾಲದೆ ನನ್ನ 'ಎ' ಯಾವಾಗಲೂ ತಿಳಿಯಾಗಿ ಬೀಳುತ್ತಿತ್ತು.

ಆ ಕಬ್ಬಿಣದ ಮಷೀನಿಗೆ ಹತ್ತು ವರ್ಷದ ಮಗುವಿನ ಬೆರಳು ಸಾಲುತ್ತಲೇ ಇರಲಿಲ್ಲ. ಹಾಗಾಗಿ ಟೈಪಿಂಗ್ ಅಂದರೆ ಹೈಸ್ಕೂಲ್ ಮುಗಿದ ಮೇಲೆ, ಕೆಲಸ ಹುಡುಕುವವರಿಗೆ ಅನ್ನುವ ಲೆಕ್ಕ ಆಗಿನ ಕಾಲಕ್ಕೆ ಸರಿ ಇತ್ತು. ಈಗಿನ ಕೀಬೋರ್ಡ್ ಹಾಗಲ್ಲ. ಹೂವು ಮುಟ್ಟಿದ ಹಾಗೆ ಮುಟ್ಟಿದರೆ ಸಾಕು, ಅಕ್ಷರ ಬೀಳುತ್ತದೆ. ಆದರೂ ನಮ್ಮ ತಲೆಯಲ್ಲಿ ಹಳೆಯ ಲೆಕ್ಕವೇ ಉಳಿದಿದೆ. ಮಕ್ಕಳು ಶಾಲೆಯ ಕಂಪ್ಯೂಟರ್ ಲ್ಯಾಬ್‌ನಲ್ಲಿ ಒಂದು ಬೆರಳಿನಲ್ಲಿ, ಕೋಳಿ ಕಾಳು ಹೆಕ್ಕಿದ ಹಾಗೆ ಒಂದೊಂದೇ ಅಕ್ಷರ ಹೆಕ್ಕುತ್ತಾರೆ. ಅದೇ ರೂಢಿ ಆಗಿಬಿಡುತ್ತದೆ. ದೊಡ್ಡವರಾದ ಮೇಲೆ ಬಿಡಿಸುವುದು ಬಹಳ ಕಷ್ಟ. ನನ್ನ ಅಂಗಡಿಗೆ ಬರುವ ಎಂಜಿನಿಯರಿಂಗ್ ಹುಡುಗರಲ್ಲೂ ಹೀಗೆ ಹೆಕ್ಕುವವರೇ ಜಾಸ್ತಿ.

ರೊಟ್ಟಿ ತಟ್ಟುವುದನ್ನೇ ನೋಡಿ. ನಮ್ಮ ಅವ್ವ ರೊಟ್ಟಿ ತಟ್ಟುತ್ತಾ ಪಕ್ಕದ ಮನೆಯವರ ಜೊತೆ ಮಾತಾಡುತ್ತಾಳೆ, ಒಲೆಯ ಉರಿ ನೋಡುತ್ತಾಳೆ, ಮೊಮ್ಮಗನನ್ನು ಗದರುತ್ತಾಳೆ. ಕೈ ತನ್ನಷ್ಟಕ್ಕೆ ತಾನು ತಿರುಗುತ್ತಿರುತ್ತದೆ. ಹೊಸದಾಗಿ ಕಲಿಯುವ ಹುಡುಗಿಗೆ ಮಾತಾಡಿಸಿ ನೋಡಿ, ರೊಟ್ಟಿ ಹರಿಯುತ್ತದೆ. ಬರೆಯುವುದೂ ಹಾಗೇ. ಅಕ್ಷರ ಮೂಡಿಸುವ ಕೆಲಸ ಕೈಗೆ ರೂಢಿ ಆಗದಿದ್ದರೆ, ಮನಸ್ಸಿನ ಅರ್ಧ ಗಮನ ಅಲ್ಲೇ ಖರ್ಚಾಗುತ್ತದೆ. ಏನು ಹೇಳಬೇಕು ಅನ್ನುವುದಕ್ಕೆ ಉಳಿಯುವುದು ಇನ್ನರ್ಧ. ಮಕ್ಕಳ ಬರವಣಿಗೆ ಬಗ್ಗೆ ಅಧ್ಯಯನ ಮಾಡಿದವರು ಹೇಳುವುದೂ ಇದನ್ನೇ. ಟೈಪಿಂಗ್ ಅಂದ ತಕ್ಷಣ ಎಲ್ಲರೂ ಸ್ಪೀಡ್ ಎಷ್ಟು ಅಂತ ಕೇಳುತ್ತಾರೆ. ನನ್ನ ಕಣ್ಣಿಗೆ ಸ್ಪೀಡ್ ಎರಡನೆಯದು. ಮೊದಲನೆಯದು, ಮಗುವಿನ ಮನಸ್ಸು ಬೆರಳಿನಿಂದ ಬಿಡುಗಡೆ ಆಗಿ ಮಾತಿನ ಕಡೆ ಹೋಗುವುದು.

ಹಾಗಂತ ಹಟ ಹಿಡಿದು ಶುರು ಮಾಡಿದೆ. ಅಕ್ಕನ ಮಗ, ಅವನ ಜೊತೆಗೆ ಒಂಬತ್ತು ವರ್ಷದ ನನ್ನ ಮಗಳು. ಅಂಗಡಿಯ ಮೂಲೆಯಲ್ಲಿದ್ದ ಹಳೆ ಕಂಪ್ಯೂಟರ್ ಒರೆಸಿ ಇಟ್ಟೆ. ಮೊದಲ ದಿನ ಕಣ್ಣು ಮುಚ್ಚಿಸಿ, ಕೀಬೋರ್ಡ್ ಮೇಲೆ ತೋರುಬೆರಳು ಆಡಿಸಲು ಹೇಳಿದೆ. ಎಫ್ ಮತ್ತು ಜೆ ಕೀಗಳ ಮೇಲೆ ಸಣ್ಣ ಉಬ್ಬು ಗೆರೆ ಇರುತ್ತದಲ್ಲ, ಅದು ಸಿಕ್ಕ ಕೂಡಲೇ ಇಬ್ಬರೂ ಕಿರುಚಿದರು. ದಿನಾ ಆ ಕೀಬೋರ್ಡ್ ನೋಡಿದ್ದರೂ ಆ ಗೆರೆ ಯಾಕಿದೆ ಅಂತ ಅವರಿಗೆ ಗೊತ್ತೇ ಇರಲಿಲ್ಲ. ಎರಡು ತೋರುಬೆರಳು ಅಲ್ಲಿ ಕೂತರೆ ಉಳಿದ ಬೆರಳು ತಮ್ಮ ಜಾಗಕ್ಕೆ ತಾವೇ ಬರುತ್ತವೆ. ಹೆಬ್ಬೆರಳಿಗೆ ಸ್ಪೇಸ್ ಬಾರ್. ಎಲ್ಲಿ ಹೋದರೂ ಬೆರಳು ವಾಪಸ್ ತನ್ನ ಜಾಗಕ್ಕೆ ಬರಬೇಕು. ಆಮೇಲೆ ಕೈ ಮೇಲೆ ಒಂದು ತೆಳು ಟವೆಲ್ ಹೊದಿಸಿದೆ, ನಮ್ಮ ಸರ್ ಅವರ ರಟ್ಟಿನ ಬದಲು.

ಗದಗ ನಮಗೆ ಹತ್ತಿರ. ಅಲ್ಲಿನ ವೀರೇಶ್ವರ ಪುಣ್ಯಾಶ್ರಮದ ಹೆಸರು ನಮ್ಮ ಕಡೆ ಕೇಳದವರಿಲ್ಲ. ಪುಟ್ಟರಾಜ ಗವಾಯಿಗಳಿಗೆ ಕಣ್ಣು ಕಾಣುತ್ತಿರಲಿಲ್ಲ, ಆದರೆ ಹಾರ್ಮೋನಿಯಂ, ಪಿಟೀಲು, ಸಾರಂಗಿ ಅಂತ ಎಷ್ಟೊಂದು ವಾದ್ಯ ನುಡಿಸುತ್ತಿದ್ದರು. ಟವೆಲ್ ತೆಗಿ ಅಂತ ಮಗಳು ಅತ್ತಾಗ ಅವಳಿಗೆ ಅವರ ವಿಷಯ ಹೇಳಿದೆ. ಬೆರಳಿಗೆ ಜಾಗ ಗೊತ್ತಾದರೆ ಕಣ್ಣಿನ ಹಂಗು ಬೇಕಿಲ್ಲ ಅಂತ. ಕಣ್ಣು ಕಾಣದ ಮಕ್ಕಳು ಇವತ್ತು ಕಂಪ್ಯೂಟರ್ ಬಳಸುವುದೂ ಹೀಗೆಯೇ. ಎನ್‌ವಿಡಿಎ ಅನ್ನುವ ಉಚಿತ ತಂತ್ರಾಂಶ ಪರದೆಯಲ್ಲಿ ಇರುವುದನ್ನು ಓದಿ ಹೇಳುತ್ತದೆ, ಕನ್ನಡವನ್ನೂ ಓದುತ್ತದೆ. ಮಗು ಕೀಗಳನ್ನು ಮುಟ್ಟಿ ಬರೆಯುತ್ತದೆ. ಅವರ ಮಟ್ಟಿಗೆ ಇದು ರಜೆಯ ಹವ್ಯಾಸ ಅಲ್ಲ, ಓದು ಬರಹದ ಬಾಗಿಲೇ ಇದು.

ಈಗ ನಾನು ಮಾಡಿದ ತಪ್ಪು ಹೇಳಬೇಕು. ಎರಡನೇ ವಾರ ಮಕ್ಕಳು ಚೆನ್ನಾಗಿ ಬರುತ್ತಿದ್ದಾರೆ ಅನ್ನಿಸಿತು. ಮೊಬೈಲಿನಲ್ಲಿ ಸ್ಟಾಪ್‌ವಾಚ್ ಇಟ್ಟೆ. ಯಾರು ನಿಮಿಷಕ್ಕೆ ಎಷ್ಟು ಪದ ಅಂತ ಗೋಡೆಗೆ ಚಾರ್ಟ್ ಅಂಟಿಸಿದೆ. ನಾಲ್ಕೇ ದಿನಕ್ಕೆ ಮಗಳು ಹೊಟ್ಟೆ ನೋವು ಅನ್ನತೊಡಗಿದಳು. ಅಕ್ಕನ ಮಗ ಸ್ಪೀಡ್ ಬರಲಿ ಅಂತ ಟವೆಲ್ ಕೆಳಗೆ ಇಣುಕಿ ನೋಡಿ, ಮತ್ತೆ ಎರಡು ಬೆರಳಿಗೆ ಇಳಿದಿದ್ದ. ಇಬ್ಬರೂ ಐದು ಅಕ್ಷರಕ್ಕೆ ಎರಡು ಸಲ ಬ್ಯಾಕ್‌ಸ್ಪೇಸ್ ಒತ್ತುತ್ತಿದ್ದರು. ಚಾರ್ಟ್ ಹರಿದು ಹಾಕಿದೆ. ನಿಧಾನವಾಗಿ ಹೊಡೆಯಿರಿ, ತಪ್ಪಿಲ್ಲದೆ ಹೊಡೆಯಿರಿ, ಅಷ್ಟೇ ಸಾಕು ಅಂದೆ. ಬೆರಳು ಏನನ್ನು ಮತ್ತೆ ಮತ್ತೆ ಮಾಡುತ್ತದೋ ಅದನ್ನೇ ಕಲಿಯುತ್ತದೆ. ತಪ್ಪನ್ನೇ ಜೋರಾಗಿ ಮಾಡಿದರೆ ತಪ್ಪನ್ನೇ ಜೋರಾಗಿ ಕಲಿಯುತ್ತದೆ. ದಿನಕ್ಕೆ ಇಪ್ಪತ್ತು ನಿಮಿಷ ದಾಟಿಸಲಿಲ್ಲ. ವಾರಕ್ಕೆ ಒಂದು ದಿನ ಎರಡು ತಾಸು ಕೂರಿಸುವುದಕ್ಕಿಂತ ದಿನಾ ಇಪ್ಪತ್ತು ನಿಮಿಷ ಎಷ್ಟೋ ಮೇಲು. ಕುರ್ಚಿ ಎತ್ತರ ಆಗಿ ಮಗಳ ಕಾಲು ಜೋತಾಡುತ್ತಿತ್ತು, ಕೆಳಗೆ ಒಂದು ಮಣೆ ಇಟ್ಟೆ. ಅವತ್ತಿನಿಂದ ಅವಳ ಬೆನ್ನು ನೆಟ್ಟಗಾಯಿತು. ಬೇಸರ ಬಂದಾಗ ಟಕ್ಸ್ ಟೈಪಿಂಗ್ ಅನ್ನುವ ಆಟ. ಮೇಲಿನಿಂದ ಅಕ್ಷರ ಹೊತ್ತ ಮೀನು ಬೀಳುತ್ತದೆ, ಸರಿಯಾದ ಕೀ ಒತ್ತಿದರೆ ಪೆಂಗ್ವಿನ್ ಅದನ್ನು ತಿನ್ನುತ್ತದೆ. ದುಡ್ಡು ಕೊಡಬೇಕಿಲ್ಲ, ಇಂಟರ್ನೆಟ್ಟೂ ಬೇಕಿಲ್ಲ.

ಇಂಗ್ಲಿಷ್ ಅಕ್ಷರಗಳ ಜಾಗ ಬೆರಳಿಗೆ ಹತ್ತಿದ ಮೇಲೆ ಕನ್ನಡಕ್ಕೆ ಬಂದೆವು. ನನಗೆ ಅತಿ ಖುಷಿ ಕೊಟ್ಟ ಭಾಗ ಇದು. ಸ್ವಲ್ಪ ಉದ್ದ ಹೇಳುತ್ತೇನೆ.

ನಾನು ಬಳಸುವುದು 'ನುಡಿ' ಅನ್ನುವ ಕನ್ನಡ ತಂತ್ರಾಂಶದ ಕೀಲಿಮಣೆ. ಕಂಪ್ಯೂಟರಿಗೆ ಕನ್ನಡ ತಂದವರಲ್ಲಿ ಒಬ್ಬರಾದ ಕೆ. ಪಿ. ರಾವ್ ಅವರ ಆಲೋಚನೆಯ ಮೇಲೆ ನಿಂತದ್ದು. ನುಡಿಯನ್ನು ರೂಪಿಸಿದ್ದು ಕನ್ನಡ ಗಣಕ ಪರಿಷತ್ತು, ಅದರ ಹೆಸರಿನಿಂದ ಇದಕ್ಕೆ ಕಗಪ ಅಂತಲೂ ಕರೆಯುತ್ತಾರೆ. ಇಂಗ್ಲಿಷಿನ ಕೆ ಒತ್ತಿದರೆ ಕ, ಎಂ ಒತ್ತಿದರೆ ಮ. ಹಾಗಾಗಿ ಕಲಿತ ಬೆರಳು ವ್ಯರ್ಥ ಆಗುವುದಿಲ್ಲ, ಹೆಚ್ಚಿನ ಅಕ್ಷರಗಳಿಗೆ ಅದೇ ಬೆರಳು ಅದೇ ಜಾಗ. ಇನ್‌ಸ್ಕ್ರಿಪ್ಟ್ ಅನ್ನುವುದು ಬೇರೆ ವಿನ್ಯಾಸ. ಅದರಲ್ಲಿ ಸ್ವರ ಎಡಗೈಗೆ, ವ್ಯಂಜನ ಬಲಗೈಗೆ, ಭಾರತದ ಭಾಷೆಗಳಿಗೆಲ್ಲ ಒಂದೇ ಕ್ರಮ. ಅದೂ ಒಳ್ಳೆಯದೇ. ಯಾವುದಾದರೂ ಒಂದು ಹಿಡಿಯಿರಿ, ಆಗಾಗ ಬದಲಿಸಬೇಡಿ.

ನುಡಿಯಲ್ಲಿ ಒತ್ತಕ್ಷರಕ್ಕೆ ಎಫ್ ಕೀ. 'ಅಕ್ಕ' ಅಂದರೆ ಅ, ಕ, ಎಫ್, ಕ. ಹುಡುಗನಿಗೆ 'ಕೊಪ್ಪಳ' ಹೊಡಿ ಅಂದೆ. ಮೂರೇ ಅಕ್ಷರ ಅಲ್ವಾ ಅಂದುಕೊಂಡು ಕೂತ. ಕ, ಒ, ಪ, ಎಫ್, ಪ, ಳ. ಆರು ಸಲ ಒತ್ತಬೇಕಾಯಿತು. "ಮೂರ್ ಅಕ್ಷರದಾಗ ಆರು ಕುಂತಾವ!" ಅಂತ ಬೆರಗಾದ. ಒಂದು ಅಕ್ಷರದ ಒಳಗೆ ಏನೇನು ಇದೆ ಅಂತ ಅವನು ಬಿಚ್ಚಿ ನೋಡಿದ್ದು ಅವತ್ತೇ ಮೊದಲು.

ಮರುದಿನ ಅವನ ಊರಿನ ಹೆಸರು, ಯಲಬುರ್ಗಾ. ಯ, ಲ, ಬ, ಉ ತನಕ ಸರಾಗ ಬಂದ. ಆಮೇಲೆ ಗ ಒತ್ತಿದ, ಆ ಒತ್ತಿದ, ನಿಂತುಬಿಟ್ಟ. ಅರ್ಕಾವೊತ್ತು ಎಲ್ಲಿದೆ ಅಂತ ಕೇಳಿದ. ಕೈಯಲ್ಲಿ ಬರೆಯುವಾಗ ನಾವು ಮೊದಲು ಗಾ ಬರೆದು, ಆಮೇಲೆ ಪಕ್ಕಕ್ಕೆ ಅರ್ಕಾವೊತ್ತು ಎಳೆಯುತ್ತೇವಲ್ಲ, ಅವನು ಅದೇ ಕ್ರಮ ಹುಡುಕುತ್ತಿದ್ದ. ಬಾಯಿಬಿಟ್ಟು ಹೇಳು ಅಂದೆ. 'ಬುರ್...ಗಾ' ಅಂದ. ಯಾವುದು ಮೊದಲು ಬಂತು? "ರ್!" ರ, ಎಫ್, ಗ, ಆ. ಪರದೆ ಮೇಲೆ ಅರ್ಕಾವೊತ್ತು ತಾನೇ ಹೋಗಿ ಗಾ ಪಕ್ಕದಲ್ಲಿ ಕೂತಿತು. ಸೂರ್ಯ, ವರ್ಷ, ಮಾರ್ಗ, ಧರ್ಮ, ಅವತ್ತು ಒಂದು ತಾಸು ಬರೀ ಅರ್ಕಾವೊತ್ತೇ. ಇಪ್ಪತ್ತು ನಿಮಿಷದ ನಿಯಮ ನಾನೇ ಮುರಿದೆ. ಅವನ ನೋಟ್‌ಬುಕ್ಕಿನಲ್ಲಿ 'ಸೂಯರ್' ಅಂತ ಬರೆದು ಕೆಂಪು ಗೆರೆ ತಿಂದದ್ದು ನಾನು ನೋಡಿದ್ದೆ. ಆ ತಪ್ಪು ಮತ್ತೆ ಬರಲಿಲ್ಲ.

ಇನ್ನೊಂದು ಮಹಾಪ್ರಾಣದ್ದು. ನಮ್ಮ ಕಡೆ ಮಾತಿನಲ್ಲಿ ದ ಮತ್ತು ಧ ಒಂದೇ ಥರ ಕೇಳುತ್ತವೆ, ಬರೆಯುವಾಗ ಮಕ್ಕಳು ಅಂದಾಜಿನ ಮೇಲೆ ಒಂದು ಹಾಕುತ್ತಾರೆ. ನುಡಿಯಲ್ಲಿ ದ ಸುಮ್ನೆ ಒತ್ತಿದರೆ ಬರುತ್ತದೆ, ಧ ಬೇಕಾದರೆ ಇನ್ನೊಂದು ಕೈಯ ಕಿರುಬೆರಳಿನಿಂದ ಶಿಫ್ಟ್ ಹಿಡಿಯಬೇಕು. ಕ ಖ, ಗ ಘ, ಬ ಭ, ಎಲ್ಲ ಹೀಗೇ. ಮಹಾಪ್ರಾಣಕ್ಕೆ ಉಸಿರು ಜಾಸ್ತಿ ಬೇಕು, ಇಲ್ಲಿ ಬೆರಳು ಜಾಸ್ತಿ ಬೇಕು ಅಂತ ಹೇಳಿಕೊಟ್ಟೆ. ಮಗಳು ಈಗಲೂ ಪೆನ್ನಿನಲ್ಲಿ 'ಧನ' ಬರೆಯುವಾಗ ಕಿರುಬೆರಳು ಸ್ವಲ್ಪ ಅಲ್ಲಾಡಿಸುತ್ತಾಳೆ.

ಮೊಬೈಲಿನಲ್ಲಿ ಈ ಪಾಠ ಸಿಗುವುದಿಲ್ಲ. ಅಲ್ಲಿ ಅರ್ಧ ಹೊಡೆಯುವುದರೊಳಗೆ ಮೇಲೆ ಮೂರು ಪದ ತೋರಿಸುತ್ತದೆ, ಒಂದನ್ನು ಮುಟ್ಟಿದರೆ ಮುಗಿಯಿತು. ಪದ ಒಳಗಿಂದ ಹೇಗಿದೆ ಅಂತ ಮಗು ನೋಡುವುದೇ ಇಲ್ಲ.

ನಮ್ಮ ಅಕ್ಕನಿಗೇ ಮೊದಲು ಇದು ಹಿಡಿಸಿರಲಿಲ್ಲ. "ಯಾಕ ಬೇಕವ್ವಾ ಇದು? ಮೊಬೈಲ್‌ನ್ಯಾಗ ಮಾತಾಡಿದ್ರ ಅದ ಬರೀತೈತಲ್ಲ" ಅಂದಳು. ಅವಳ ಮಾತಿನಲ್ಲಿ ಅರ್ಥ ಇದೆ. ಅಂಗಡಿಗೆ ಹಾಗೆ ಮಾತಾಡಿ ಬರೆಸಿದ ಅರ್ಜಿ ತರುವವರು ಇದ್ದಾರೆ. ಊರ ಹೆಸರು ಬೇರೆಯಾಗಿರುತ್ತದೆ, ಸರ್ವೆ ನಂಬರ್ ತಪ್ಪಿರುತ್ತದೆ, ಎಲ್ಲಿ ವಾಕ್ಯ ಮುಗಿಯಿತು ಅಂತ ತಿಳಿಯುವುದಿಲ್ಲ. ಅದನ್ನು ತಿದ್ದಲು ಮತ್ತೆ ಕೀಬೋರ್ಡ್ ಬೇಕು. ಅದಕ್ಕಿಂತ ದೊಡ್ಡ ಮಾತು ಇನ್ನೊಂದು. ಮಾತಾಡುವಾಗ ಬಂದದ್ದು ಬಂದ ಹಾಗೆ ಹೋಗುತ್ತದೆ. ಟೈಪ್ ಮಾಡುವಾಗ ಕಣ್ಣು ಸಾಲಿನ ಮೇಲೆ ಇರುತ್ತದೆ. ಈ ಮಾತು ಮೊದಲು ಬರಬೇಕಿತ್ತಾ, ಆ ಪದ ಎರಡು ಸಲ ಬಂತಾ ಅಂತ ಮಗು ಅಲ್ಲೇ ನೋಡಿ ತಿದ್ದುತ್ತದೆ. ಕೈಬರಹದಲ್ಲಿ ತಿದ್ದಿದರೆ ಕಾಟು ಬೀಳುತ್ತದೆ, ಬೈಗುಳ ಬೀಳುತ್ತದೆ. ಇಲ್ಲಿ ಎಷ್ಟು ಸಲ ತಿದ್ದಿದರೂ ಪುಟ ಹೊಸದಾಗಿಯೇ ಕಾಣುತ್ತದೆ. ಬರೆದದ್ದನ್ನು ತಿದ್ದಲು ಹೆದರದ ಮಗು ಬರೆಯಲೂ ಹೆದರುವುದಿಲ್ಲ.

ಕೈಬರಹ ಬಿಡಿಸಿ ಅಂತ ನಾನು ಹೇಳುತ್ತಿಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆ ಇವತ್ತಿಗೂ ಪೆನ್ನಿನಲ್ಲೇ ಬರೆಯಬೇಕು. ಅವನಿಗೆ ದಿನಾ ಅರ್ಧ ಪುಟ ಕಾಪಿ ರೈಟಿಂಗ್ ನಾನೇ ಬರೆಸುತ್ತಿದ್ದೆ. ಏಳು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಟವೆಲ್ ಹಾಕಿ ಕೂರಿಸುವುದೂ ಬೇಡ, ಅವರ ಬೆರಳು ಮೇಲಿನ ಸಾಲಿಗೆ ನಿಲುಕುವುದಿಲ್ಲ. ಒಂಬತ್ತು, ಹತ್ತು ಸರಿಯಾದ ವಯಸ್ಸು ಅಂತ ನನ್ನ ಅನುಭವ.

ಕೆಲಸದ ಲೆಕ್ಕ ಕೇಳುವ ಅಪ್ಪಂದಿರಿಗೆ ಅದನ್ನೂ ಹೇಳುತ್ತೇನೆ. ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗ (ಎಸ್‌ಎಸ್‌ಸಿ) ಪಿಯುಸಿ ಪಾಸಾದವರಿಗೆ ನಡೆಸುವ ಸಿಎಚ್‌ಎಸ್‌ಎಲ್ ಪರೀಕ್ಷೆಯಲ್ಲಿ ಕ್ಲರ್ಕ್ ಹುದ್ದೆಗೆ ಇಂಗ್ಲಿಷ್ ಟೈಪಿಂಗ್ ಆದರೆ ನಿಮಿಷಕ್ಕೆ 35 ಪದ ಬೇಕು. ಐದು ಒತ್ತಿಗೆ ಒಂದು ಪದ ಅಂತ ಲೆಕ್ಕ, ಅಂದರೆ ಗಂಟೆಗೆ 10,500 ಒತ್ತು. ಓದಿನಲ್ಲಿ ಪಾಸಾಗಿ ಈ ಒಂದರಲ್ಲಿ ಉಳಿದುಹೋಗುವ ಭಯದಿಂದ ಇಪ್ಪತ್ತೈದು ವರ್ಷದ ಹುಡುಗರು ನನ್ನ ಹತ್ತಿರ ಕಲಿಯಲು ಬರುತ್ತಾರೆ. ಹಗಲು ರಾತ್ರಿ ಹೊಡೆಯುತ್ತಾರೆ, ಹಳೆ ರೂಢಿ ಬಿಡುವುದಿಲ್ಲ. ನೋಡಿದರೆ ಕರುಳು ಚುರ್ ಅನ್ನುತ್ತದೆ.

ಮಕ್ಕಳಿಗೆ ನಾನು ಹೇಳುವ ಕಥೆ ಬೇರೆ. 1888ರ ಜುಲೈ 25ರಂದು ಅಮೆರಿಕದ ಸಿನ್ಸಿನಾಟಿ ಊರಿನಲ್ಲಿ ಟೈಪಿಂಗ್ ಪಂದ್ಯ ನಡೆಯಿತು. ಕೋರ್ಟಿನಲ್ಲಿ ಶಾರ್ಟ್‌ಹ್ಯಾಂಡ್ ಬರೆಯುತ್ತಿದ್ದ ಫ್ರ್ಯಾಂಕ್ ಮೆಕ್‌ಗರಿನ್ ಕೀ ನೋಡದೆ ಹೊಡೆಯುತ್ತಿದ್ದ. ಎದುರಾಳಿ ಲೂಯಿ ಟ್ರಾಬ್ ಕೀ ನೋಡಿಕೊಂಡು ಹೊಡೆಯುತ್ತಿದ್ದ. ಮೆಕ್‌ಗರಿನ್ ಗೆದ್ದ. ಕಣ್ಣು ಪೂರ್ತಿ ಕಾಗದದ ಮೇಲೆ, ಬೆರಳು ಪೂರ್ತಿ ಮಷೀನಿನ ಮೇಲೆ. ಎದುರಾಳಿಯ ಕಣ್ಣು ಮಾತ್ರ ಮೇಲೆ ಕೆಳಗೆ ಓಡಾಡಿ ದಣಿಯಿತು. ಈ ಕಥೆ ಕೇಳಿದ ಮೇಲೆ ಟವೆಲ್ ಬೇಡ ಅನ್ನುವುದನ್ನು ಇಬ್ಬರೂ ಬಿಟ್ಟರು.

ಮೇ ಕೊನೆಯ ವಾರ. ಮಟಮಟ ಮಧ್ಯಾಹ್ನ, ಹೊರಗೆ ನಾಯಿಯೂ ತಿರುಗದಂಥ ಬಿಸಿಲು. ನಾನು ಒಂದು ಲಗ್ನಪತ್ರಿಕೆಯ ಪ್ರೂಫ್ ನೋಡುತ್ತಿದ್ದೆ. ಅವನು ಮೂಲೆಯಲ್ಲಿ ಕೂತು ಎತ್ತಿನ ಕಥೆ ಹೊಡೆಯುತ್ತಿದ್ದ. ಯಾರೂ ಹೇಳಿರಲಿಲ್ಲ, ತಾನೇ ಶುರು ಮಾಡಿದ್ದ. ಬಗ್ಗಿ ನೋಡಿದೆ. ಹಗ್ಗ ಹರಿದದ್ದು ಬಂದಿತ್ತು. ಅಜ್ಜನ ಒಂದೇ ಚಪ್ಪಲಿ ಬಂದಿತ್ತು. ಇನ್ನೊಂದು ಚಪ್ಪಲಿ ಎತ್ತಿನ ಗ್ವಾದಲಿಯಲ್ಲಿ ಸಿಕ್ಕಿತು ಅಂತ, ಅವನು ಬಾಯಲ್ಲಿ ಯಾವತ್ತೂ ಹೇಳಿರದ ಒಂದು ಸಾಲೂ ಬಂದಿತ್ತು. ಒಂದೂವರೆ ಪುಟ ಆಗಿತ್ತು.

ಅಷ್ಟರಲ್ಲಿ ಕರೆಂಟ್ ಹೋಯಿತು. ಫ್ಯಾನ್ ನಿಂತಿತು, ಟ್ಯೂಬ್‌ಲೈಟ್ ಆರಿತು. ಬಿಸಿಲಿಗೆ ಷಟರ್ ಅರ್ಧ ಎಳೆದಿದ್ದೆ, ಅಂಗಡಿ ಒಳಗೆ ಕತ್ತಲೆ. ಯುಪಿಎಸ್ ಕೀ ಕೀ ಅನ್ನತೊಡಗಿತು, ಮಾನಿಟರ್ ಬೆಳಕು ಒಂದೇ ಉಳಿಯಿತು. ಸೇವ್ ಮಾಡಪ್ಪಾ, ಬಂದ್ ಮಾಡು ಅಂದೆ. ಟವೆಲ್ ಕೆಳಗೆ ಟಕಟಕ ನಿಲ್ಲಲಿಲ್ಲ.

"ತಡಿ ಚಿಗವ್ವ, ಇನ್ನ ಮೆಣಸಿನಕಾಯಿ ಚೀಲ ಉರುಳಿಲ್ಲ."